ನಡುಹಗಲಿನ ಸೂರ್ಯ ಹತ್ತಿರವೇ?

ಚೀನಾ ದೇಶದ ಹಳೆಯ ಗ್ರಂಥವೊಂದರಲ್ಲಿ, ಲಿಯೆತ್ಸು ಎಂಬ ತಾವೋ ಪಂಥದ ಕೃತಿಯಲ್ಲಿ, ಒಂದು ಪುಟ್ಟ ಕಥೆ ಇದೆ. ಕನ್ಫ್ಯೂಷಿಯಸ್ ಪೂರ್ವದಿಕ್ಕಿನ ಕಡೆ ಸಂಚಾರ ಹೊರಟಿದ್ದಾನೆ. ದಾರಿಯಲ್ಲಿ ಇಬ್ಬರು ಹುಡುಗರು ವಾದ ಮಾಡುತ್ತ ನಿಂತಿದ್ದಾರೆ. ಹುಟ್ಟುವ ಸೂರ್ಯನೇ ನಮಗೆ ಹತ್ತಿರ, ನಡುಹಗಲಿನವನು ದೂರ ಎಂಬುದು ಒಬ್ಬನ ಪಕ್ಷ. ಇನ್ನೊಬ್ಬನದು ಅದಕ್ಕೆ ನೇರ ವಿರುದ್ಧ. ಮೊದಲನೆಯವನು ಹೇಳುತ್ತಾನೆ: ಮೂಡುವಾಗ ಸೂರ್ಯ ರಥದ ಕೊಡೆಯಷ್ಟು ದೊಡ್ಡವನು, ನೆತ್ತಿಗೆ ಬಂದಾಗ ಊಟದ ತಟ್ಟೆಯಷ್ಟು. ಹತ್ತಿರವಿರುವುದಲ್ಲವೆ ದೊಡ್ಡದಾಗಿ ಕಾಣುವುದು? ಎರಡನೆಯವನು ಬಿಡುವನೆ? ಮೂಡುವಾಗ ಮೈಗೆ ತಂಪು, ನಡುಹಗಲಲ್ಲಿ ಕುದಿನೀರಿಗೆ ಕೈಯಿಟ್ಟ ಹಾಗೆ. ಹತ್ತಿರವಿರುವುದಲ್ಲವೆ ಸುಡುವುದು? ಕನ್ಫ್ಯೂಷಿಯಸನಿಗೆ ತೀರ್ಪು ಕೊಡಲಾಗಲಿಲ್ಲ. ನಿನ್ನನ್ನು ಮಹಾಜ್ಞಾನಿ ಎಂದವರಾರು ಎಂದು ಹುಡುಗರು ನಕ್ಕರಂತೆ.

ತಾವೋ ಪಂಥದವರು ಕನ್ಫ್ಯೂಷಿಯಸನನ್ನು ಹಾಸ್ಯಮಾಡುವುದಕ್ಕೆಂದು ಕಟ್ಟಿದ ಕಥೆ ಇದು, ಚರಿತ್ರೆಯಲ್ಲ. ಆದರೆ ಪ್ರಶ್ನೆ ಮಾತ್ರ ಹಾಸ್ಯದ್ದಲ್ಲ. ಒಂದು ದಿನದ ಅವಧಿಯಲ್ಲಿ ಸೂರ್ಯನಿಗೂ ನಮಗೂ ನಡುವಣ ದೂರ ಬದಲಾಗುತ್ತದೆಯೆ? ಬದಲಾಗುವುದಾದರೆ ಎಷ್ಟು? ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಇಷ್ಟನ್ನೇ.

ಮೊದಲು ನೇರವಾದ ಲೆಕ್ಕವನ್ನು ನೋಡೋಣ. ಭೂಮಿ ಒಂದು ಗೋಳ. ಸಮಭಾಜಕವೃತ್ತದಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರು. ಈ ಗೋಳ ತನ್ನ ಅಕ್ಷದ ಮೇಲೆ ಸುತ್ತುತ್ತದೆ, ಗೋಳದ ಮೇಲೆ ನಿಂತ ನಾವೂ ಅದರೊಂದಿಗೆ ಸುತ್ತುತ್ತೇವೆ. ಬೆಳಗ್ಗೆ ಸೂರ್ಯ ಕ್ಷಿತಿಜದಲ್ಲಿ ಕಂಡಾಗ ನಾವು ಭೂಮಿಯ ಅಂಚಿನಲ್ಲಿರುತ್ತೇವೆ. ಆಗ ಭೂಕೇಂದ್ರ ಸೂರ್ಯನಿಂದ ಎಷ್ಟು ದೂರವೋ ನಾವೂ ಹೆಚ್ಚುಕಡಿಮೆ ಅಷ್ಟೇ ದೂರ. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದರೆ ನಾವು ಗೋಳದ ಸೂರ್ಯಾಭಿಮುಖವಾದ ಉಬ್ಬಿನ ಮೇಲಿರುತ್ತೇವೆ. ಅಂದರೆ ಒಂದು ಪೂರ್ತಿ ತ್ರಿಜ್ಯದಷ್ಟು ಹತ್ತಿರ. ನೆತ್ತಿಯಿಂದ ಸೂರ್ಯ ಓರೆಯಾದಷ್ಟೂ ಈ ಲಾಭ ಕಡಿಮೆ. ಬೆಂಗಳೂರು ಉತ್ತರಕ್ಕೆ 13 ಡಿಗ್ರಿ ಅಕ್ಷಾಂಶದಲ್ಲಿದೆ. ಹಗಲಿರುಳು ಸಮವಾಗುವ ದಿನ ಅಲ್ಲಿ ನಿಂತವನು ಬೆಳಗಿನ ಆರು ಗಂಟೆಗಿಂತ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯನಿಗೆ ಸುಮಾರು 6,200 ಕಿಲೋಮೀಟರು ಹತ್ತಿರವಾಗಿರುತ್ತಾನೆ. ನಡುರಾತ್ರಿಗೆ ಹೋಲಿಸಿದರೆ 12,400 ಕಿಲೋಮೀಟರು. ಧ್ರುವದ ಮೇಲೆ ನಿಂತವನಿಗೆ ಭೂಭ್ರಮಣದಿಂದ ಈ ಏರಿಳಿತವೇ ಇಲ್ಲ. ಅವನು ನಿಂತಲ್ಲೇ ಬುಗುರಿಯಂತೆ ತಿರುಗುತ್ತಾನೆ.

ಆದ್ದರಿಂದ ಎರಡನೆಯ ಹುಡುಗ ಗೆದ್ದ ಎನ್ನಬಹುದೆ? ಅವನು ಹೇಳಿದ ಸಂಗತಿ ಹೇಗೇ ಇರಲಿ, ಅವನು ಕೊಟ್ಟ ಕಾರಣ ನಿಲ್ಲುವುದಿಲ್ಲ. ಸೂರ್ಯನಿಗೂ ಭೂಮಿಗೂ ಸರಾಸರಿ ದೂರ 14 ಕೋಟಿ 96 ಲಕ್ಷ ಕಿಲೋಮೀಟರು. ಅದರ ಮುಂದೆ 6,200 ಎಂದರೆ ಇಪ್ಪತ್ತನಾಲ್ಕು ಸಾವಿರದಲ್ಲಿ ಒಂದು ಪಾಲು. ಹಿತ್ತಲಿನ ಬಚ್ಚಲೊಲೆಯಲ್ಲಿ ಬೆಂಕಿ ಉರಿಯುತ್ತಿದೆ, ನಾವು ಇಪ್ಪತ್ತನಾಲ್ಕು ಮೀಟರು ಆಚೆ ಜಗಲಿಯ ಮೇಲೆ ಕುಳಿತಿದ್ದೇವೆ ಎಂದುಕೊಳ್ಳಿ. ಅಲ್ಲಿಂದ ಒಲೆಯ ಕಡೆಗೆ ಒಂದು ಮಿಲಿಮೀಟರು ಸರಿದರೆ ಎಷ್ಟು ಕಾವು ಹೆಚ್ಚೀತು? ನಡುಹಗಲಿನ ಸೂರ್ಯಸಾಮೀಪ್ಯದಿಂದ ನಮಗೆ ಒದಗುವ ಹೆಚ್ಚುವರಿ ಶಾಖ ಅಷ್ಟೆ. ಸರಿಯಾಗಿ ಹೇಳಬೇಕೆಂದರೆ ಹನ್ನೆರಡು ಸಾವಿರದಲ್ಲಿ ಒಂದು ಪಾಲು. ಮಧ್ಯಾಹ್ನದ ಬಿಸಿಲು ಸುಡುವುದು ಅದು ನೆಟ್ಟಗೆ ಬೀಳುವುದರಿಂದ. ಬೆಳಗಿನ ಓರೆಕಿರಣಗಳು ಒಂದೇ ಹಿಡಿ ಶಾಖವನ್ನು ಬಹಳ ಅಗಲದ ನೆಲಕ್ಕೆ ಹಂಚುತ್ತವೆ. ಜತೆಗೆ ಅವು ದಾಟಿಬರಬೇಕಾದ ಗಾಳಿಯ ದಪ್ಪವಾದರೂ ಎಷ್ಟು! ಕ್ಷಿತಿಜದಲ್ಲಿರುವ ಸೂರ್ಯನ ಬೆಳಕು ನೆತ್ತಿಯ ಸೂರ್ಯನ ಬೆಳಕಿಗಿಂತ ಮೂವತ್ತೆಂಟು ಪಟ್ಟಿನಷ್ಟು ಗಾಳಿಯನ್ನು ತೂರಿಕೊಂಡು ಬರಬೇಕು. ಹುಟ್ಟುವ ಸೂರ್ಯನನ್ನು ನಾವು ಬರಿಗಣ್ಣಿಂದ ಕಾಣುವುದಕ್ಕೂ, ಅವನು ಕೆಂಪಗಿರುವುದಕ್ಕೂ ಇದೇ ಕಾರಣ.

ಮೊದಲನೆಯ ಹುಡುಗನ ಸಾಕ್ಷ್ಯವಂತೂ ಪೂರ್ತಿ ಕಣ್ಣಿನ ಮೋಸ. ಕ್ಷಿತಿಜದ ಸೂರ್ಯ ದೊಡ್ಡವನಾಗಿ ಕಾಣುವುದು ನಮ್ಮ ಮನಸ್ಸಿಗೆ. ಅಳೆಯುವ ಯಂತ್ರಕ್ಕೆ ಹಾಗೆ ಕಾಣುವುದಿಲ್ಲ. ಸೂರ್ಯಬಿಂಬದ ವ್ಯಾಸ ಸುಮಾರು 32 ಕಲೆ. ಕ್ಷಿತಿಜದಲ್ಲಿ ವಾತಾವರಣ ಬೆಳಕನ್ನು ಬಾಗಿಸುವುದರಿಂದ, ಅದರಲ್ಲೂ ಕೆಳಗಿನ ಅಂಚನ್ನು ಮೇಲಿನ ಅಂಚಿಗಿಂತ ಹೆಚ್ಚು ಎತ್ತುವುದರಿಂದ, ಬಿಂಬ ಮೇಲೆ ಕೆಳಗೆ ಐದಾರು ಕಲೆಗಳಷ್ಟು ಅಮುಕಿಹೋಗಿರುತ್ತದೆ. ಎಂದರೆ ರಥದ ಕೊಡೆಯಂತೆ ಕಂಡದ್ದು ನಿಜವಾಗಿ ನೆತ್ತಿಯ ತಟ್ಟೆಗಿಂತ ಕಿರಿದು. ಚಂದ್ರನ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯ. ಚಂದ್ರನ ದೂರ 3,84,400 ಕಿಲೋಮೀಟರು ಮಾತ್ರ. ಅಲ್ಲಿ ಒಂದು ಭೂತ್ರಿಜ್ಯ ಎಂದರೆ ಅರವತ್ತರಲ್ಲೊಂದು ಪಾಲು. ಹುಣ್ಣಿಮೆಯ ಸಂಜೆ ತೆಂಗಿನ ತೋಟದ ಹಿಂದಿನಿಂದ ಬೃಹದಾಕಾರವಾಗಿ ಏಳುವ ಚಂದ್ರ, ನಡುರಾತ್ರಿ ನೆತ್ತಿಯಲ್ಲಿ ಚಿಕ್ಕದಾಗಿ ಕಾಣುವ ಚಂದ್ರನಿಗಿಂತ ಅಳತೆಯಲ್ಲಿ ಅಷ್ಟು ಸಣ್ಣವನು. ಇದನ್ನು ಕೇಳಿದ ಕವಿಮಿತ್ರರೊಬ್ಬರು ನನ್ನ ಮೇಲೆ ಎರಡು ದಿನ ಮುನಿಸಿಕೊಂಡಿದ್ದರು.

ಚೀನಾದಲ್ಲೇ, ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ, ವಾಂಗ್ ಚೊಂಗ್ ಎಂಬ ನಿಷ್ಠುರ ವಿಮರ್ಶಕ ಈ ವ್ಯಾಜ್ಯವನ್ನು ಕೈಗೆತ್ತಿಕೊಂಡ. ಅವನ ಪ್ರಕಾರ ಹತ್ತಿರವಿರುವವನು ನಡುಹಗಲಿನ ಸೂರ್ಯನೇ. ಮನೆಯೊಳಗೆ ಒಂದು ಗಳವನ್ನು ನೆಟ್ಟಗೆ ನಿಲ್ಲಿಸಿದರೆ ತುದಿ ಮಾಳಿಗೆಗೆ ತಾಗುತ್ತದೆ, ಓರೆ ಮಾಡಿದರೆ ತಾಗುವುದಿಲ್ಲ; ಆದ್ದರಿಂದ ಓರೆಯ ದಾರಿ ಉದ್ದ ಎಂದು ಅವನ ಯುಕ್ತಿ. ಸೂರ್ಯ ಮಧ್ಯಾಹ್ನ ಸಣ್ಣಗೆ ಕಾಣುವುದು ಸುತ್ತಣ ಪ್ರಖರತೆಯಿಂದ, ಹಗಲಿನ ಬೆಂಕಿ ಇರುಳಿನ ಬೆಂಕಿಗಿಂತ ಸಣ್ಣಗೆ ಕಾಣುವ ಹಾಗೆ ಎಂದೂ ಹೇಳಿದ. ಎಷ್ಟು ಅಚ್ಚುಕಟ್ಟಾದ ಬುದ್ಧಿ! ಆದರೆ ವಾಂಗ್ ಚೊಂಗನ ಭೂಮಿ ಚಪ್ಪಟೆ. ಅವನ ಆಕಾಶವೂ ಮಾಳಿಗೆಯಂತೆ ಚಪ್ಪಟೆ. ಇಲ್ಲದ ಮಾಳಿಗೆಗೆ ಗಳ ತಾಗಿಸಿ ಅವನು ಈ ಉತ್ತರವನ್ನು ಮುಟ್ಟಿದ.

ಇಂಥದೇ ಒಂದು ಉತ್ತರವನ್ನು ನಾನು ಹಿಂದೆ ಒಂದು ಶಾಲೆಯ ಪರೀಕ್ಷೆಯ ಕಾಗದಗಳಲ್ಲಿ ಕಂಡಿದ್ದೇನೆ. ನಡುಹಗಲಲ್ಲಿ ಬಿಸಿಲು ಹೆಚ್ಚಲು ಕಾರಣವೇನು ಎಂಬ ಪ್ರಶ್ನೆಗೆ ಒಬ್ಬ ಹುಡುಗಿ, ಭೂಮಿ ತಿರುಗುವುದರಿಂದ ಆ ಹೊತ್ತಿಗೆ ನಾವು ಸೂರ್ಯನ ಕಡೆಯ ಮೈಗೆ ಬರುತ್ತೇವೆ, ಹತ್ತಿರವಾಗುತ್ತೇವೆ ಎಂದು ಬರೆದು ಪಕ್ಕದಲ್ಲಿ ಒಂದು ಗೋಳ, ಗೋಳದ ಮೇಲೆ ಎರಡು ಕಡೆ ನಿಂತ ಒಂದು ಪುಟ್ಟ ಗೊಂಬೆ, ಇಷ್ಟನ್ನು ಚಿತ್ರಿಸಿದ್ದಳು. ಮೊದಲು ಕಾಗದ ನೋಡಿದವರು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು ‘ಅಸಂಬದ್ಧ’ ಎಂದು ಬರೆದಿದ್ದರು. ಅರ್ಧ ಅಂಕವನ್ನಾದರೂ ಕೊಡಬೇಕೆಂದು ನಾನು ವಾದಿಸಿದೆ. ಮಾದರಿ ಉತ್ತರದಲ್ಲಿ ಅದಕ್ಕೆ ಎಡೆಯಿಲ್ಲವೆಂದು ಮಾತು ಮುಗಿಯಿತು. ಬಿಸಿಲಿನ ಕಾರಣ ಅವಳು ಹೇಳಿದ್ದಲ್ಲ, ನಿಜ. ಆದರೆ ಉಳಿದ ನಲವತ್ತು ಮಕ್ಕಳು ಪುಸ್ತಕದ ವಾಕ್ಯವನ್ನು ಒಪ್ಪಿಸಿದ್ದಾಗ, ಭೂಮಿಯಿಂದ ಹೊರಗೆ ನಿಂತು ಭೂಮಿಯನ್ನು ಕಂಡವಳು ಆ ಒಬ್ಬಳು. ಅಸಂಬದ್ಧ ಎಂಬ ಮಾತು ಅವಳಿಗೆ ತಕ್ಕದ್ದಾಗಿರಲಿಲ್ಲವೆಂದು ಈಗಲೂ ನನಗೆ ಅನಿಸುತ್ತದೆ. ಅವಳ ಚಿತ್ರ ನಿಜವಾದದ್ದು ಮಾತ್ರವಲ್ಲ, ಅದನ್ನು ಸ್ವಲ್ಪ ಮುಂದುವರಿಸಿದರೆ ಬಹಳ ವಿಚಿತ್ರವಾದ ಜಾಗಕ್ಕೆ ಹೋಗಿ ಮುಟ್ಟುತ್ತೇವೆ.

ಹೇಗೆಂದರೆ, ಇಲ್ಲಿಯತನಕ ನಾವು ಭೂಮಿ ಇದ್ದಲ್ಲೇ ಇದೆ, ಸುತ್ತುವುದಷ್ಟೇ ಅದರ ಕೆಲಸ ಎಂಬಂತೆ ಲೆಕ್ಕ ಮಾಡಿದೆವು. ಅದು ಸೂರ್ಯನ ಸುತ್ತಲೂ ಹೋಗುತ್ತಿದೆಯಲ್ಲ! ಆ ಕಕ್ಷೆ ಪೂರ್ಣವೃತ್ತವಲ್ಲ. ಜನವರಿಯ ಮೊದಲ ವಾರದಲ್ಲಿ ಭೂಮಿ ನೀಚಬಿಂದುವಿನಲ್ಲಿ, ಸೂರ್ಯನಿಂದ 14 ಕೋಟಿ 71 ಲಕ್ಷ ಕಿಲೋಮೀಟರು ದೂರದಲ್ಲಿರುತ್ತದೆ. ಜುಲೈ ಮೊದಲ ವಾರದಲ್ಲಿ ಉಚ್ಚಬಿಂದುವಿನಲ್ಲಿ, 15 ಕೋಟಿ 21 ಲಕ್ಷ ಕಿಲೋಮೀಟರಿನಲ್ಲಿ. ನಡುವಣ ಐವತ್ತು ಲಕ್ಷ ಕಿಲೋಮೀಟರನ್ನು ಆರು ತಿಂಗಳಲ್ಲಿ ಹೋಗಿ, ಆರು ತಿಂಗಳಲ್ಲಿ ಮರಳಬೇಕು. ಈ ಹೋಗಿಬರುವ ವೇಗ ವರ್ಷವಿಡೀ ಒಂದೇ ಸಮವಲ್ಲ. ಉಯ್ಯಾಲೆ ಎರಡು ತುದಿಗಳಲ್ಲಿ ನಿಧಾನವಾಗಿ ನಡುವೆ ಬಿರುಸಾಗುವಂತೆ, ಜನವರಿ ಜುಲೈಗಳಲ್ಲಿ ಅದು ಸೊನ್ನೆಗೆ ಇಳಿದು, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ವಾರದಲ್ಲಿ ಅತಿ ಹೆಚ್ಚಾಗುತ್ತದೆ. ಆಗ ಅದು ಸೆಕೆಂಡಿಗೆ ಸುಮಾರು 500 ಮೀಟರು. ದಿನಕ್ಕೆ 43,000 ಕಿಲೋಮೀಟರು.

ಈಗ ಇದರ ಪಕ್ಕಕ್ಕೆ ಭೂಭ್ರಮಣದ ವೇಗವನ್ನಿಡಿ. ಸಮಭಾಜಕವೃತ್ತದಲ್ಲಿ ನಿಂತವನನ್ನು ಭೂಮಿ ಸೆಕೆಂಡಿಗೆ 465 ಮೀಟರು ವೇಗದಲ್ಲಿ ಪೂರ್ವಕ್ಕೆ ಒಯ್ಯುತ್ತಿರುತ್ತದೆ. ಬೆಂಗಳೂರಿನಲ್ಲಿ ಈ ವೇಗ 453 ಮೀಟರು. ಸೂರ್ಯೋದಯದ ಗಳಿಗೆಯಲ್ಲಿ ಈ ಓಟ ಹೆಚ್ಚುಕಡಿಮೆ ಸೂರ್ಯಾಭಿಮುಖ, ನಡುಹಗಲಿನಲ್ಲಿ ಅಡ್ಡಡ್ಡ, ಸೂರ್ಯಾಸ್ತದಲ್ಲಿ ಸೂರ್ಯನಿಂದ ವಿಮುಖ. ಏಪ್ರಿಲ್ ಮೊದಲ ವಾರದ ಒಂದು ಬೆಳಗ್ಗೆಯನ್ನು ತೆಗೆದುಕೊಳ್ಳಿ. ಭೂಮಿಯ ಮೈ ನಮ್ಮನ್ನು ಸೂರ್ಯನ ಕಡೆಗೆ 450 ಮೀಟರಿನಂತೆ ಕೊಂಡೊಯ್ಯುತ್ತಿದೆ, ಇಡೀ ಭೂಮಿಯೋ ಸೂರ್ಯನಿಂದ 500 ಮೀಟರಿನಂತೆ ಹಿಂದೆ ಸರಿಯುತ್ತಿದೆ. ಹೊರಟ ರೈಲಿನೊಳಗೆ ಹಿಂದಿನ ಡಬ್ಬಿಯ ಕಡೆಗೆ ನಡೆದವನು ನಿಲ್ದಾಣಕ್ಕೆ ಹತ್ತಿರವಾಗುವನೆ? ಆ ವಾರದಲ್ಲಿ, ಹಗಲಾಗಲಿ ಇರುಳಾಗಲಿ, ಭೂಮಿಯ ಮೇಲಿನ ಯಾವ ಊರಿನವರೂ ಯಾವ ಗಳಿಗೆಯಲ್ಲೂ ಸೂರ್ಯನಿಗೆ ಹತ್ತಿರವಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಆರು ಗಂಟೆಯಿಂದ ಹನ್ನೆರಡರವರೆಗೆ ಭೂಭ್ರಮಣದಿಂದ ನಮಗಾದ ಲಾಭ 6,200 ಕಿಲೋಮೀಟರು. ಅದೇ ಆರು ಗಂಟೆಗಳಲ್ಲಿ ಕಕ್ಷೆಯ ನಷ್ಟ 10,700. ಅಂದಿನ ನಡುಹಗಲಿನಲ್ಲಿ ಬೆಂಗಳೂರಿನವರು ಸೂರ್ಯೋದಯದ ಹೊತ್ತಿಗಿಂತ 4,500 ಕಿಲೋಮೀಟರು ದೂರದಲ್ಲಿರುತ್ತಾರೆ. ಮಧ್ಯಾಹ್ನದಿಂದ ಸಂಜೆಗೆ ಎರಡೂ ನಷ್ಟಗಳು ಕೂಡಿಕೊಂಡು ಇನ್ನೂ ಸುಮಾರು 17,000 ಕಿಲೋಮೀಟರು ಹೊರಟುಹೋಗುತ್ತದೆ. ಅಕ್ಟೋಬರಿನಲ್ಲಿ ಇದೆಲ್ಲ ತಿರುವುಮುರುವು: ಇಡೀ ದಿನ ಸಮೀಪಿಸುವುದೇ, ಮುಳುಗುವ ಸೂರ್ಯ ನಡುಹಗಲಿನವನಿಗಿಂತ ಹತ್ತಿರ.

ಹಾಗಾದರೆ ಆ ಚೀನೀ ಹುಡುಗರ ವ್ಯಾಜ್ಯದಲ್ಲಿ ಗೆದ್ದವರಾರು? ಅವರು ಯಾವ ತಿಂಗಳಲ್ಲಿ ಜಗಳವಾಡಿದರು ಎಂಬುದರ ಮೇಲೆ ಅದು ನಿಂತಿದೆ. ಜನವರಿಯಲ್ಲಾದರೆ ಎರಡನೆಯವನು, ಅಕ್ಟೋಬರಿನಲ್ಲೂ ಎರಡನೆಯವನೇ. ಏಪ್ರಿಲ್ಲಿನಲ್ಲಾದರೆ ಹುಟ್ಟುವ ಸೂರ್ಯನೇ ಹತ್ತಿರವೆಂದ ಮೊದಲನೆಯವನು. (ಇದು ನಮ್ಮ ಕಾಲದ ತಿಂಗಳುಗಳ ಮಾತು. ನೀಚಬಿಂದು ಪಂಚಾಂಗದಲ್ಲಿ ಶತಮಾನಕ್ಕೆ ಒಂದೆರಡು ದಿನ ಸರಿಯುವುದರಿಂದ, ಪ್ರಾಚೀನರ ಕಾಲಕ್ಕೆ ದಿನಾಂಕಗಳನ್ನು ಹಿಂದಕ್ಕೆ ಜರುಗಿಸಬೇಕು.) ಕನ್ಫ್ಯೂಷಿಯಸ್ ಸುಮ್ಮನಿದ್ದದ್ದು ಒಳ್ಳೆಯದೇ ಆಯಿತು.

ನಮ್ಮ ಕರ್ನಾಟಕದ ಅಕ್ಷಾಂಶಗಳಿಗೆ ಇದನ್ನು ಅನ್ವಯಿಸಿದರೆ, ಸುಮಾರು ಫೆಬ್ರವರಿಯ ಮೊದಲ ವಾರದಿಂದ ಮೇ ತಿಂಗಳ ಕೊನೆಯವರೆಗೆ ಬೆಳಗಿನ ಸೂರ್ಯನಿಗಿಂತ ಮಧ್ಯಾಹ್ನದ ಸೂರ್ಯ ದೂರ. ಯಾವ ತಿಂಗಳುಗಳಿವು? ರಾಯಚೂರು, ಕಲಬುರಗಿಗಳ ನೆಲ ಕಾದು ಬಿರಿಯುವ ತಿಂಗಳುಗಳು. ಮಧ್ಯಾಹ್ನ ನಾಯಿಯೂ ನೆರಳು ಬಿಟ್ಟು ಹೊರಡದ ತಿಂಗಳುಗಳು. ಬಿಸಿಲಿಗೂ ದೂರಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕೆ? ಬೇಕಾದವರು ಜನವರಿಯನ್ನು ನೋಡಬಹುದು. ಜುಲೈಗಿಂತ ಆಗ ಭೂಮಿಗೆ ಬೀಳುವ ಸೂರ್ಯಶಾಖ ನೂರಕ್ಕೆ ಏಳರಷ್ಟು ಹೆಚ್ಚು. ನಾವಾದರೋ ಕಂಬಳಿ ಹೊದ್ದಿರುತ್ತೇವೆ.

ಚಂದ್ರನ ಪಾಲೂ ಇದರಲ್ಲಿ ಸ್ವಲ್ಪ ಇದೆ. ಭೂಮಿ ಚಂದ್ರರೆರಡೂ ತಮ್ಮ ಜಂಟಿ ಗುರುತ್ವಕೇಂದ್ರವನ್ನು ಸುತ್ತುವುದರಿಂದ ಭೂಕೇಂದ್ರ ತಿಂಗಳಿಗೊಮ್ಮೆ ಸುಮಾರು 4,670 ಕಿಲೋಮೀಟರು ಅತ್ತಿತ್ತ ತೂಗುತ್ತದೆ. ನೀಚಬಿಂದುವಿನ ದಿನ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬೀಳುವುದಕ್ಕೆ ಇದೂ ಒಂದು ಕಾರಣ. ಅದಿರಲಿ.

ಇಷ್ಟು ಅಲ್ಪವಾದ ಏರಿಳಿತದಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ನಮ್ಮ ಸಿದ್ಧಾಂತಿಗಳು ಹಾಗೆ ಕೇಳಲಿಲ್ಲ. ಭೂತ್ರಿಜ್ಯ ನಡುಹಗಲಿನಲ್ಲಿ ದೂರದ ವ್ಯತ್ಯಾಸವಾಗಿ ಒದಗಿದರೆ, ಅದೇ ತ್ರಿಜ್ಯ ಸೂರ್ಯೋದಯದಲ್ಲಿ ದಿಕ್ಕಿನ ವ್ಯತ್ಯಾಸವಾಗಿ ಒದಗುತ್ತದೆ. ಭೂಕೇಂದ್ರದಿಂದ ನೋಡಿದ ದಿಕ್ಕಿಗೂ ನಾವು ನಿಂತ ಅಂಚಿನಿಂದ ನೋಡಿದ ದಿಕ್ಕಿಗೂ ಕೂದಲೆಳೆಯ ಅಂತರ. ಇದನ್ನೇ ಅವರು ಲಂಬನ ಎಂದು ಕರೆದರು. ಗ್ರಹಣದ ವೇಳೆಯನ್ನು ಗಣಿಸುವಾಗ ಲಂಬನವನ್ನು ಬಿಟ್ಟರೆ ನಾಲ್ಕು ಗಳಿಗೆಯವರೆಗೂ ತಪ್ಪಬಹುದು. ಸೂರ್ಯಸಿದ್ಧಾಂತದಲ್ಲಿ ಭೂಮಿಯ ವ್ಯಾಸ 1,600 ಯೋಜನ. ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮನಾದ ದೂರವನ್ನು, ಹನ್ನೊಂದು ಸಾವಿರದ ಎಂಟುನೂರು ಚಿಲ್ಲರೆ ಯೋಜನವನ್ನು, ಕ್ರಮಿಸುತ್ತವೆ ಎಂಬುದು ಸಿದ್ಧಾಂತಿಗಳ ಊಹೆ. ಆದ್ದರಿಂದ ಯಾವ ಗ್ರಹದ ಲಂಬನವಾದರೂ ಅದರ ದಿನಗತಿಯ ಹದಿನೈದನೆಯ ಒಂದು ಪಾಲು. ಚಂದ್ರನಿಗೆ ಈ ಲೆಕ್ಕ ವಾಸ್ತವಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಸೂರ್ಯನಿಗೆ ಮಾತ್ರ ಸುಮಾರು ನಾಲ್ಕು ಕಲೆ ಎಂದು ಬಂದು, ನಿಜವಾದ ಬೆಲೆಯ ಇಪ್ಪತ್ತೇಳು ಪಟ್ಟು ಆಗಿಬಿಡುತ್ತದೆ. ನಿಜವಾದದ್ದು 8.8 ವಿಕಲೆ. ಬರಿಗಣ್ಣಿಗೆ ಅದು ಎಂದೂ ಸಿಕ್ಕುವುದಲ್ಲ. ಸಿದ್ಧಾಂತಿಗಳ ಸೂರ್ಯ ಇಪ್ಪತ್ತೇಳು ಪಟ್ಟು ಹತ್ತಿರದವನಾಗಿ ಉಳಿದ.

ಆ 8.8 ವಿಕಲೆಯನ್ನು ಹಿಡಿಯುವುದಕ್ಕಾಗಿ ಐರೋಪ್ಯರು ಪಟ್ಟ ಪಾಡು ದೊಡ್ಡ ಕಥೆ. 1672ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಯಾಸಿನಿ, ದಕ್ಷಿಣ ಅಮೆರಿಕದ ಕೇಯೆನ್ನಿನಲ್ಲಿ ರಿಷೇ, ಇಬ್ಬರೂ ಒಂದೇ ಕಾಲದಲ್ಲಿ ಮಂಗಳನನ್ನು ನೋಡಿದರು. ಅನಂತರ ಶುಕ್ರಸಂಕ್ರಮಗಳಿಗಾಗಿ ಹಡಗುಗಳು ಹೊರಟವು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಡೇವಿಡ್ ಗಿಲ್ ಎಂಬ ಸ್ಕಾಟ್ಲೆಂಡಿನವನ ಯತ್ನ. ಎರಡು ದೇಶಗಳಲ್ಲಿ ಇಬ್ಬರು ಏಕೆ ನಿಲ್ಲಬೇಕು, ಒಬ್ಬನನ್ನೇ ಸಂಜೆಯಿಂದ ಬೆಳಗಿನವರೆಗೆ ಭೂಮಿಯೇ ಸಾವಿರಾರು ಕಿಲೋಮೀಟರು ಹೊತ್ತೊಯ್ಯುತ್ತದಲ್ಲ ಎಂಬುದು ಅವನ ವಿಚಾರ. ಸೂರ್ಯನನ್ನು ನಕ್ಷತ್ರಗಳ ನಡುವೆ ಅಳೆಯಲಾಗದು, ಮಂಗಳನನ್ನು ಅಳೆಯಬಹುದು. ಗ್ರಹಗಳ ದೂರಗಳ ಪ್ರಮಾಣ ಕೆಪ್ಲರನ ಕಾಲದಿಂದ ಗೊತ್ತಿದ್ದುದರಿಂದ ಒಂದು ದೂರ ತಿಳಿದರೆ ಎಲ್ಲವೂ ತಿಳಿದಂತೆ. 1877ರ ಸೆಪ್ಟೆಂಬರಿನಲ್ಲಿ ಮಂಗಳ ಭೂಮಿಗೆ ಬಹಳ ಸಮೀಪ ಬರುವುದಿತ್ತು. ಗಿಲ್‌ಗೆ ಆಗ ಕೈಯಲ್ಲಿ ಸ್ಥಿರವಾದ ಹುದ್ದೆಯಿಲ್ಲ. ಎರವಲು ತಂದ ಉಪಕರಣವೊಂದನ್ನು ಕಟ್ಟಿಕೊಂಡು, ಹೆಂಡತಿ ಇಸೊಬೆಲಳೊಡನೆ ಅವನು ಅಟ್ಲಾಂಟಿಕ್ ಸಾಗರದ ನಡುವಣ ಅಸೆನ್ಷನ್ ದ್ವೀಪಕ್ಕೆ ಹೋದ.

ದ್ವೀಪವೆಂದರೆ ಕರಕಲು ಲಾವಾ ಕಲ್ಲಿನ ರಾಶಿ. ದೂರದರ್ಶಕ ನಿಲ್ಲಿಸಿದ ಮೇಲೆ ನೋಡಿದರೆ ರಾತ್ರಿಯಾದೊಡನೆ ಪರ್ವತದ ಕಡೆಯಿಂದ ಮೋಡ ಬಂದು ಮುಚ್ಚುತ್ತದೆ. ರಾತ್ರಿಗಳು ಒಂದೊಂದಾಗಿ ಕಳೆಯುತ್ತಿವೆ; ಮಂಗಳ ಯಾರಿಗೂ ಕಾಯುವವನಲ್ಲ. ಕೊನೆಗೆ ಇಸೊಬೆಲಳೇ ಇರುಳಿನಲ್ಲಿ ಆ ಹರಿತವಾದ ಕಲ್ಲುಗಳ ಮೇಲೆ ನಡೆದುಹೋಗಿ ಮೋಡದ ಅಂಚು ಎಲ್ಲಿಗೆ ಮುಗಿಯುತ್ತದೆಂದು ನೋಡಿ ಬಂದಳು. ಬಿಡಾರವನ್ನೆಲ್ಲ ಎತ್ತಿ ತೆರವಾದ ಆಕಾಶದ ಆ ಕಡಲಂಚಿಗೆ ಸಾಗಿಸಿದರು. ಆ ಸ್ಥಳಕ್ಕೆ ಮಾರ್ಸ್ ಬೇ, ಮಂಗಳನ ಕೊಲ್ಲಿ, ಎಂದೇ ಹೆಸರು ನಿಂತಿದೆ. ಮಂಗಳ ಮೂಡಿದ ಮೇಲೆ ಒಮ್ಮೆ, ಮುಳುಗುವ ಮುನ್ನ ಒಮ್ಮೆ, ಸುತ್ತಣ ನಕ್ಷತ್ರಗಳಿಂದ ಅದರ ಅಂತರವನ್ನು ಗಿಲ್ ಅಳೆಯುತ್ತ ಹೋದ. ಬಂದ ಸೂರ್ಯಲಂಬನ 8.78 ವಿಕಲೆ, ದೂರವಾಗಿ ಹೇಳಿದರೆ ಸುಮಾರು 14 ಕೋಟಿ 98 ಲಕ್ಷ ಕಿಲೋಮೀಟರು. ಇಂದಿನ ಅಳತೆಗೂ ಅದಕ್ಕೂ ಇರುವ ಅಂತರ ಎರಡು ಲಕ್ಷ ಚಿಲ್ಲರೆ ಮಾತ್ರ. ಮುಂದಿನ ವರ್ಷ ಇಸೊಬೆಲ್ ಆ ಆರು ತಿಂಗಳ ಬಾಳನ್ನು ಒಂದು ಪುಸ್ತಕವಾಗಿ ಬರೆದಳು. ವಿಜ್ಞಾನದ ಚರಿತ್ರೆಗಳಲ್ಲಿ ಗಂಡನ ಅಂಕಿಗಳು ಉಳಿದಿವೆ. ಆ ಇರುಳಿನ ನಡಿಗೆ ಇಲ್ಲದಿದ್ದರೆ ಅಂಕಿಗಳು ಎಲ್ಲಿರುತ್ತಿದ್ದವೋ ಕಾಣೆ.

ನಮ್ಮ ನೆರೆಯಲ್ಲೇ ಇನ್ನೊಂದು ಜಾಗವಿದೆ: ಕೊಡೈಕನಾಲಿನ ಸೂರ್ಯವೀಕ್ಷಣಾಲಯ. ಇಂದು ಅದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಅಲ್ಲಿ, ಸೂರ್ಯಕಲೆಗಳಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ವರ್ಣಪಟಲದ ಗೆರೆಗಳ ಸಣ್ಣ ಸರಿತದಿಂದ ಕಂಡುಹಿಡಿದ. ಮೂಲ ನಮ್ಮ ಕಡೆಗೆ ಬರುತ್ತಿದ್ದರೆ ಗೆರೆ ನೇರಿಳೆಯ ಕಡೆಗೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ ಸರಿಯುತ್ತದೆ. ಅನಂತರದ ವರ್ಷಗಳಲ್ಲಿ ಎವರ್‌ಶೆಡ್ ಇನ್ನೂ ನವಿರಾದ ಒಂದರ ಬೆನ್ನು ಹತ್ತಿದ. ಸೂರ್ಯನ ಗುರುತ್ವದಿಂದ ಬೆಳಕು ಕೆಂಪಿಗೆ ಸರಿಯಬೇಕೆಂದು ಐನ್‌ಸ್ಟೈನ್ ಹೇಳಿದ್ದನಲ್ಲ, ಅದು. ವೇಗವಾಗಿ ಎಣಿಸಿದರೆ ಆ ಸರಿತ ಸೆಕೆಂಡಿಗೆ ಸುಮಾರು 630 ಮೀಟರಿಗೆ ಸಮ. ಕೊಡೈಕನಾಲಿನ ಬೆಟ್ಟ ತನ್ನ ಮೇಲಿನ ಯಂತ್ರವನ್ನು ಬೆಳಗ್ಗೆ ಸೂರ್ಯನ ಕಡೆಗೆ, ಸಂಜೆ ಸೂರ್ಯನಿಂದಾಚೆಗೆ ಒಯ್ಯುವ ವೇಗವೇ 450 ಮೀಟರಿನಷ್ಟು. ಅದರ ಮೇಲೆ ಕಕ್ಷೆಯ ಹೋಗುಬರುವಿನ 500 ಬೇರೆ. ಹುಡುಕುವ ವಸ್ತುವಿನಷ್ಟೇ ದೊಡ್ಡದು ಹುಡುಕುವವನ ಅಲುಗಾಟ! ಆದ್ದರಿಂದ ಸೂರ್ಯನ ವರ್ಣಪಟಲವನ್ನು ಅಳೆಯುವವರು ಪ್ರತಿಯೊಂದು ಚಿತ್ರಕ್ಕೂ ಅದನ್ನು ತೆಗೆದ ದಿನ, ಗಂಟೆ, ನಿಮಿಷಗಳನ್ನು ಬರೆದಿಟ್ಟುಕೊಂಡು ಭೂಮಿಯ ಈ ಎರಡು ಚಲನೆಗಳನ್ನು ಕಳೆಯಬೇಕು. ಕಕ್ಷೆಯ ತಿದ್ದುಪಡಿ ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಭೂಭ್ರಮಣದ ತಿದ್ದುಪಡಿ ದಿನದಿನವೂ ಒಂದೇ ಬಗೆ: ಬೆಳಗಿಗೆ ಒಂದು ಚಿಹ್ನೆ, ಸಂಜೆಗೆ ಅದರ ವಿರುದ್ಧ ಚಿಹ್ನೆ, ನಡುಹಗಲಿಗೆ ಸೊನ್ನೆ.